ಕಾಡಿನ ರಸ್ತೆ ಹಳ್ಳ ದಾಟುವಲ್ಲಿ: ಪೈಪಿನ ಬಾಯಿ ಕಟ್ಟಿದ ದಿನ ನೀರು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಾಟಾ ಲಾರಿಗಳು ಓಡಾಡುವ ನಮ್ಮ ಕಾಡಿನ ರಸ್ತೆ ಒಂದು ಹಳ್ಳವನ್ನು ದಾಟುತ್ತದೆ. ಹಳ್ಳದ ಅಗಲ ಸುಮಾರು 2 ಮೀಟರ್, ತಳದ ಓಟ ನೂರು ಮೀಟರಿಗೆ 4 ಮೀಟರ್, ವರ್ಷವಿಡೀ ಸ್ವಲ್ಪವಾದರೂ ನೀರಿರುತ್ತದೆ. ಮೇಲಿನ ಜಲಾನಯನ ಪ್ರದೇಶ 40 ಹೆಕ್ಟೇರ್, ಎಲ್ಲವೂ ಕಾಡು. ಅಲ್ಲಿ 600 ಮಿ.ಮೀ. ವ್ಯಾಸದ ಎರಡು ಪೈಪುಗಳನ್ನು ಪಕ್ಕಪಕ್ಕ ಇಟ್ಟು ಮೂರು ಮೀಟರ್ ಎತ್ತರಕ್ಕೆ ಮಣ್ಣು ಏರಿಸಿದ್ದೆವು. ಈ ಮಳೆಗಾಲದಲ್ಲಿ ಪೈಪುಗಳ ಬಾಯಿ ಕಟ್ಟಿಕೊಂಡಿತು. ನೀರು ರಸ್ತೆಗೆ ಹತ್ತಿ, ಇಳಿಜಾರು ಹಿಡಿದು ಬಹುದೂರ ಹರಿದು, ಕೊನೆಗೆ ಒಂದು ತಿರುವಿನಲ್ಲಿ ಗುಡ್ಡದ ಅಂಚನ್ನೇ ಕೊರೆದುಕೊಂಡು ಹೋಯಿತು. ಮೂರನೆಯ ಪೈಪು ಸೇರಿಸಿದರೆ ಸಾಕೇ? ಕಾಂಕ್ರೀಟ್ ಹಾಸು ಹಾಕಿ ನೀರಿನಲ್ಲೇ ದಾಟುವಂತೆ ಮಾಡಬಹುದೇ? ಅಥವಾ ಸೇತುವೆಯೇ ಆಗಬೇಕೇ?

ಉತ್ತರ: ಮೂರನೆಯ ಪೈಪು ಸೇರಿಸಬೇಡಿ. ನಿಮ್ಮಲ್ಲಿ ಆಗಿರುವುದು ಎರಡು ಬೇರೆ ಬೇರೆ ಅನಾಹುತ. ಪೈಪಿನ ಬಾಯಿ ಕಟ್ಟಿದ್ದು ಒಂದು, ಕಟ್ಟಿದ ಮೇಲೆ ಹಳ್ಳ ತನ್ನ ಪಾತ್ರ ಬಿಟ್ಟು ರಸ್ತೆ ಹಿಡಿದದ್ದು ಇನ್ನೊಂದು. ಮೊದಲನೆಯದನ್ನು ಎಷ್ಟು ದೊಡ್ಡ ಪೈಪು ಹಾಕಿದರೂ ಪೂರ್ತಿ ತಡೆಯಲಾಗದು. ಬೇರುಸಹಿತ ಒಂದು ಮರ ಬಂದು ಅಡ್ಡ ಬಿದ್ದರೆ ಯಾವ ಪೈಪಾದರೂ ಕಟ್ಟುತ್ತದೆ. ಎರಡನೆಯದನ್ನು ಮಾತ್ರ ಖಂಡಿತ ತಡೆಯಬಹುದು, ಅದಕ್ಕೆ ತಗಲುವ ಖರ್ಚೂ ಹೆಚ್ಚಲ್ಲ. ಹಳ್ಳ ದಾಟುವ ಯಾವ ಕಟ್ಟಡದ ವಿನ್ಯಾಸಕ್ಕೆ ಕೂತರೂ ಪೈಪಿನ ಅಳತೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು ಕಟ್ಟಿಕೊಂಡ ದಿನ ನೀರು ಎಲ್ಲಿ ಹರಿಯುತ್ತದೆ?

ಮೊದಲು ಪೈಪಿನ ಲೆಕ್ಕ ನೋಡೋಣ. ಒಳಬಾಯಿಯಲ್ಲಿ ನೀರು ಪೈಪಿನ ನೆತ್ತಿಯವರೆಗೆ ನಿಂತಾಗ ಸುಕ್ಕುತಗಡಿನ ಉಕ್ಕಿನ ಪೈಪು ಸೆಕೆಂಡಿಗೆ ಎಷ್ಟು ಘನ ಮೀಟರ್ ಬಿಡುತ್ತದೆ ಎಂಬುದಕ್ಕೆ ಒಂದು ಅಂದಾಜು ಸೂತ್ರವಿದೆ: ಮೀಟರಿನಲ್ಲಿ ವ್ಯಾಸದ 2.5ನೇ ಘಾತವನ್ನು 1.1ರಿಂದ ಗುಣಿಸಿ. 600 ಮಿ.ಮೀ. ಪೈಪಿಗೆ ಇದು 0.3 ಘನ ಮೀಟರ್. 900ಕ್ಕೆ 0.85, 1200ಕ್ಕೆ 1.7, 1500ಕ್ಕೆ 3.0, 1800ಕ್ಕೆ 4.8. ಅಂದರೆ ವ್ಯಾಸ ಎರಡರಷ್ಟಾದರೆ ಸಾಮರ್ಥ್ಯ ಐದೂವರೆ ಪಟ್ಟಿಗೂ ಹೆಚ್ಚು. ನಿಮ್ಮ ಎರಡು ಪೈಪುಗಳು ಸೇರಿ ಬಿಡುತ್ತಿದ್ದದ್ದು 0.6 ಘನ ಮೀಟರ್. ಮೂರನೆಯದು ಸೇರಿದರೂ 0.9 ದಾಟುವುದಿಲ್ಲ. ಅಷ್ಟನ್ನು 900 ಮಿ.ಮೀ.ಗಿಂತ ತುಸು ದೊಡ್ಡದಾದ ಒಂದೇ ಪೈಪು ಬಿಡುತ್ತದೆ.

ನೀರಿನ ಲೆಕ್ಕಕ್ಕಿಂತ ದೊಡ್ಡ ಕಾರಣ ಕಸ. ಪಕ್ಕಪಕ್ಕದ ಪೈಪುಗಳ ನಡುವಿನ ಮಣ್ಣಿನ ಗೋಡೆ ಪ್ರವಾಹದ ನಟ್ಟನಡುವೆಯೇ ನಿಂತಿರುತ್ತದೆ. ತೇಲಿ ಬಂದ ಕೊಂಬೆಯ ಒಂದು ತುದಿ ಆ ಗೋಡೆಗೆ, ಇನ್ನೊಂದು ತುದಿ ದಂಡೆಗೆ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಕಡ್ಡಿ, ಕಡ್ಡಿಗಳ ಸಂದಿಗೆ ತರಗೆಲೆ, ತರಗೆಲೆಯ ಮೇಲೆ ಮರಳು. ಈ ಕ್ರಮದಲ್ಲಿ ಒಂದೇ ಮಳೆಯಲ್ಲಿ ಬಾಯಿ ಮುಚ್ಚಿಹೋಗುತ್ತದೆ. ಅಮೆರಿಕದ ವಾಯವ್ಯ ರಾಜ್ಯಗಳಲ್ಲಿ 1990ರ ದಶಕದ ದೊಡ್ಡ ನೆರೆಗಳ ನಂತರ ಅರಣ್ಯ ರಸ್ತೆಗಳ ಮೋರಿಗಳನ್ನು ಪರಿಶೀಲಿಸಿದಾಗಲೂ ಕಂಡದ್ದು ಇದೇ. ಕೆಟ್ಟ ಮೋರಿಗಳಲ್ಲಿ ಬರಿಯ ನೀರು ಹೆಚ್ಚಾಗಿ ಕೆಟ್ಟವು ಸಣ್ಣ ಪಾಲು, ಮರ, ಕಲ್ಲು, ಹೂಳುಗಳಿಂದ ಕೆಟ್ಟವೇ ಬಹುಪಾಲು. ಅಲ್ಲಿನ ಒಕ್ಕೂಟ ಸರ್ಕಾರದ ಅರಣ್ಯಗಳಿಗೆ 1994ರಲ್ಲಿ ಬಂದ ಯೋಜನೆ, ಹೊಸ ದಾಟುಗಳು ನೂರು ವರ್ಷಕ್ಕೊಮ್ಮೆ ಬರುವ ನೆರೆಯನ್ನು ಅದರೊಂದಿಗೆ ಬರುವ ಕಲ್ಲು, ಮರದ ಸಮೇತ ಸಾಗಿಸಬೇಕೆಂದು ವಿಧಿಸಿತು.

ತೇಲುವ ಮರದ ವಿಷಯದಲ್ಲಿ ನೆನಪಿಡಬೇಕಾದ ಅಳತೆ ಹಳ್ಳದ ಅಗಲ. ಹಳ್ಳಕ್ಕಿಂತ ಗಿಡ್ಡದಾದ ತುಂಡುಗಳು ಸಾಮಾನ್ಯವಾಗಿ ಉದ್ದುದ್ದಕ್ಕೆ ತೇಲಿ ಬರುತ್ತವೆ. ಪೈಪಿನ ವ್ಯಾಸ ಹಳ್ಳದ ಅಗಲಕ್ಕೆ ಹತ್ತಿರವಿದ್ದು, ಹಳ್ಳ ನೇರವಾಗಿ ಬಾಯಿಗೆ ಬಂದರೆ ಅವು ಹಾಗೆಯೇ ದಾಟಿಹೋಗುತ್ತವೆ. ನೀರು ಚೆನ್ನಾಗಿ ಒಳಹೋಗಲಿ ಎಂದು ಬಾಯಿಯ ಮುಂದೆ ಜೆಸಿಬಿಯಿಂದ ಅಗಲವಾದ ಗುಂಡಿ ತೋಡುವುದುಂಟು, ಇದು ತಪ್ಪು. ಗುಂಡಿಯಲ್ಲಿ ನೀರು ಸುಳಿದು ನೇರ ಬಂದ ಕೊಂಬೆ ಅಡ್ಡ ತಿರುಗುತ್ತದೆ, ವೇಗ ಕುಗ್ಗಿ ಕಲ್ಲು ಅಲ್ಲೇ ಕೂರುತ್ತದೆ.

ಎಷ್ಟು ನೀರಿಗೆ ಸಿದ್ಧವಾಗಬೇಕು?

80 ಹೆಕ್ಟೇರ್‌ವರೆಗಿನ ಸಣ್ಣ ಜಲಾನಯನಕ್ಕೆ ರ‍್ಯಾಷನಲ್ ಸೂತ್ರ ಸಾಕು: ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದುಬರುವ ಪಾಲು), ಗಂಟೆಗೆ ಮಿ.ಮೀ.ಗಳಲ್ಲಿ ಮಳೆಯ ತೀವ್ರತೆ, ಹೆಕ್ಟೇರಿನಲ್ಲಿ ವಿಸ್ತೀರ್ಣ ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಘನ ಮೀಟರ್ ಸಿಗುತ್ತದೆ. ಇದರಲ್ಲಿ ಹೆಚ್ಚಿನವರು ಎಡವುವುದು ಮಳೆಯ ತೀವ್ರತೆಯಲ್ಲಿ. ದಿನಕ್ಕೆ 240 ಮಿ.ಮೀ. ಮಳೆಯೆಂದರೆ ಗಂಟೆಗೆ 10 ಮಿ.ಮೀ. ಎಂದು ಭಾಗಿಸಿಬಿಡುತ್ತಾರೆ. ಸಣ್ಣ ಹಳ್ಳಕ್ಕೆ ದಿನದ ಸರಾಸರಿ ಏನೂ ಹೇಳುವುದಿಲ್ಲ. ಜಲಾನಯನದ ತುತ್ತತುದಿಯಿಂದ ನೀರು ಮೋರಿಗೆ ಬರಲು ಎಷ್ಟು ನಿಮಿಷ ಬೇಕೋ ಅಷ್ಟು ನಿಮಿಷದ ಜೋರು ಮಳೆಯೇ ಲೆಕ್ಕಕ್ಕೆ ಬೇಕಾದದ್ದು. ಹಳ್ಳದ ಉದ್ದ 1,000 ಮೀಟರ್, ಒಟ್ಟು ಇಳಿತ 80 ಮೀಟರ್ ಎಂದಿಟ್ಟುಕೊಂಡರೆ ಕಿರ್ಪಿಚ್ ಸೂತ್ರದ ಪ್ರಕಾರ ಆ ಅವಧಿ ಸುಮಾರು 10 ನಿಮಿಷ. ನಿಮ್ಮ ಪ್ರದೇಶದ ಮಳೆ ಮಾಪನದ ದಾಖಲೆಯಿಂದ 10 ನಿಮಿಷದ ತೀವ್ರತೆಯನ್ನೇ ತೆಗೆದುಕೊಳ್ಳಿ. ಅದು ಗಂಟೆಗೆ 100 ಮಿ.ಮೀ. ದರದಲ್ಲಿದ್ದು, ಕಾಡಿನ ಗುಣಾಂಕ 0.3 ಎಂದು ಹಿಡಿದರೆ 0.3 × 100 × 40 ÷ 360, ಅಂದರೆ ಸೆಕೆಂಡಿಗೆ 3.3 ಘನ ಮೀಟರ್. ಮೇಲ್ಗಡೆ ಮರ ಕಡಿಯುವ ಯೋಜನೆಯಿದ್ದರೆ ಗುಣಾಂಕವನ್ನು 0.4ಕ್ಕೆ ಏರಿಸಿ ಲೆಕ್ಕ ಹಾಕಿ. ಆಗ ಅದು 4.4 ಆಗುತ್ತದೆ. ನಿಮ್ಮ ಪೈಪುಗಳ ಸಾಮರ್ಥ್ಯವಾದ 0.6ಕ್ಕೂ ಈ ಅಂಕಿಗಳಿಗೂ ಇರುವ ಅಂತರ ನೋಡಿದರೆ ಕಸ ಬರದಿದ್ದರೂ ಅವು ಉಳಿಯುತ್ತಿರಲಿಲ್ಲ.

ಯಾವ ನೆರೆಗೆ ವಿನ್ಯಾಸ ಮಾಡುವುದು ಎಂಬುದಕ್ಕೆ ಸರಳ ಗಣಿತವಿದೆ. ರಸ್ತೆ 20 ವರ್ಷ ಬಾಳಬೇಕಾದರೆ, 25 ವರ್ಷಕ್ಕೊಮ್ಮೆ ಬರುವ ನೆರೆ ಆ ಅವಧಿಯಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಶೇ. 56. 50 ವರ್ಷದ ನೆರೆಗೆ ಶೇ. 33, 100 ವರ್ಷದ್ದಕ್ಕೆ ಶೇ. 18. ಖಾಯಂ ರಸ್ತೆಗೆ 25 ವರ್ಷದ ಲೆಕ್ಕ ಹಿಡಿಯುವುದು ನಾಣ್ಯ ಚಿಮ್ಮಿ ನಿರ್ಧರಿಸಿದಂತೆಯೇ. 100 ವರ್ಷದ್ದನ್ನೇ ಹಿಡಿಯಿರಿ.

ಸೂತ್ರದ ಉತ್ತರವನ್ನು ಹಳ್ಳದಲ್ಲೇ ತಾಳೆ ನೋಡಬೇಕು. ಹಳೆಯ ಪೈಪಿನ ಪ್ರಭಾವ ಇಲ್ಲದಷ್ಟು ಮೇಲೆ, ಅಂದರೆ ಹಳ್ಳದ ಅಗಲದ ಹತ್ತಿಪ್ಪತ್ತು ಪಟ್ಟು ದೂರ ಹೋಗಿ, ತುಂಬು ದಂಡೆಯ ಗುರುತು ಹುಡುಕಿ. ತೊಳೆದು ಬೋಳಾದ ಕಲ್ಲುಮಣ್ಣು ಮುಗಿದು ಪಾಚಿ, ಜರಿಗಿಡ, ಬಲಿತ ಬೇರುಗಳು ಶುರುವಾಗುವ ಗೆರೆ ಅದು. ಕಡಿದಾದ ದಂಡೆ ಥಟ್ಟನೆ ಸಮತಟ್ಟಾಗುವ ಅಂಚೂ ಅದೇ. ಇಂಥ ಐದಾರು ಕಡೆ ಅಗಲ, ಆಳ ಅಳೆದು ಸರಾಸರಿ ತೆಗೆಯಿರಿ. ಅಗಲ 2 ಮೀಟರ್, ಸರಾಸರಿ ಆಳ 0.4 ಮೀಟರ್ ಬಂದರೆ ಅಡ್ಡಕೊಯ್ತ 0.8 ಚದರ ಮೀಟರ್. ಅದರ ಮೂರು ಪಟ್ಟು, ಅಂದರೆ 2.4 ಚದರ ಮೀಟರ್ ಬಾಯಿ ಕೊಟ್ಟರೆ ನೂರು ವರ್ಷದ ನೆರೆಗೆ ಅಂದಾಜಾಗಿ ಸಾಕು ಎಂಬುದು ಕ್ಷೇತ್ರದಲ್ಲಿ ಬಳಕೆಯಲ್ಲಿರುವ ನಿಯಮ. 1500 ಮಿ.ಮೀ. ಪೈಪಿನ ಬಾಯಿ 1.77 ಚದರ ಮೀಟರ್, ಸಾಲದು. 1800ರದ್ದು 2.54. ಎರಡು ದಾರಿಯ ಲೆಕ್ಕವೂ ಇಲ್ಲಿ ಒಂದೇ ಪೈಪನ್ನು ತೋರಿಸುತ್ತಿದೆ. 3.3 ಘನ ಮೀಟರ್ ಹರಿಯುವಾಗ 1800ರ ಬಾಯಿಯಲ್ಲಿ ನೀರು 1.4 ಮೀಟರ್ ನಿಲ್ಲುತ್ತದೆ, ತೇಲುವ ಕಸಕ್ಕೆ ಮೇಲೆ 40 ಸೆಂ.ಮೀ. ಖಾಲಿ ಉಳಿಯುತ್ತದೆ. ನೀರು ನೆತ್ತಿ ಮುಟ್ಟುವ ಲೆಕ್ಕದಲ್ಲಿ ಪೈಪು ಆರಿಸಿದರೆ ಈ ಖಾಲಿ ಜಾಗ ಇರುವುದಿಲ್ಲ, ಕಟ್ಟುವುದು ಅಲ್ಲಿಂದಲೇ ಶುರು.

ಪೈಪೋ, ಸೇತುವೆಯೋ, ಹಾಸೋ?

ನೀರಿನಲ್ಲೇ ದಾಟುವ ಕಾಂಕ್ರೀಟ್ ಹಾಸು ಕೆಲವು ಕಡೆ ಎಲ್ಲಕ್ಕಿಂತ ಒಳ್ಳೆಯದು. ಹಳ್ಳ ಅಗಲವಾಗಿ, ಆಳವಿಲ್ಲದೆ, ವರ್ಷದ ಬಹುಕಾಲ ಒಣಗಿದ್ದು, ತಳ ಬಂಡೆಯೋ ದಪ್ಪಗಲ್ಲೋ ಆಗಿದ್ದು, ವಾಹನ ಅಪರೂಪವಾದರೆ ಅದನ್ನೇ ಹಾಕಿ. ಕಟ್ಟಿಕೊಳ್ಳಲು ಅದರಲ್ಲಿ ಏನೂ ಇಲ್ಲ. ಹಾಸಿನ ಮೇಲ್ಮೈ ಹಳ್ಳದ ತಳಕ್ಕಿಂತ ಎತ್ತರ ಇರಬಾರದು, ಹಳ್ಳದ ತಗ್ಗಿನ ಆಕಾರದಲ್ಲೇ ಬಾಗಿರಬೇಕು. ಎರಡೂ ತುದಿ ನೆರೆಯ ಗುರುತಿಗಿಂತ ಅರ್ಧ ಮೀಟರ್ ಮೇಲೆ ಮುಗಿಯಬೇಕು, ಇಲ್ಲದಿದ್ದರೆ ನೀರು ತುದಿಯನ್ನು ಬಳಸಿ ದಂಡೆ ಕೊರೆಯುತ್ತದೆ. ಮೇಲ್ಬದಿಗೂ ಕೆಳಬದಿಗೂ ಕೊರೆತದ ಆಳಕ್ಕಿಂತ ಕೆಳಗಿಳಿಯುವ ಅಡ್ಡಗೋಡೆ ಬೇಕು, ಕೆಳಬದಿಯದು ಇನ್ನೂ ಆಳ. ಹಾಸುಗಳು ಮುರಿಯುವುದು ಕೆಳಬದಿಯಲ್ಲಿ ಮಣ್ಣು ಕೊಚ್ಚಿಹೋಗಿ, ಅಡಿ ಟೊಳ್ಳಾಗಿ, ಲಾರಿಯ ಭಾರಕ್ಕೆ ಅಂಚು ಕಳಚಿದಾಗ. ನಿಮ್ಮ ಹಳ್ಳದಲ್ಲಿ ವರ್ಷವಿಡೀ ನೀರಿದೆ, ನಾಟಾ ಲಾರಿಗಳು ಓಡುತ್ತವೆ. ಪ್ರತಿ ಚಕ್ರ ನೀರಿಗಿಳಿದಾಗಲೂ ಮಣ್ಣು, ಎಣ್ಣೆ ಹಳ್ಳಕ್ಕೆ ಸೇರುತ್ತದೆ. ಆದ್ದರಿಂದ ಇಲ್ಲಿ ಅದು ಬೇಡ.

ವರ್ಷವಿಡೀ ಹರಿಯುವ ಹಳ್ಳದಲ್ಲಿ ಮೀನು ಇದ್ದೇ ಇರುತ್ತದೆ ಎಂದುಕೊಂಡು ಹೊರಡುವುದೇ ಸರಿ. 4 ಮೀಟರ್ ಓಟದಲ್ಲಿ ಇಟ್ಟ 1800ರ ಪೈಪಿನೊಳಗೆ ನೆರೆಯ ದಿನ ನೀರು ಸೆಕೆಂಡಿಗೆ 4 ಮೀಟರ್ ಆಸುಪಾಸಿನಲ್ಲಿ ಓಡುತ್ತದೆ. ಸಣ್ಣ ಹರಿವಿನಲ್ಲೂ ಬೋಳು ಪೈಪಿನಲ್ಲಿ ಮೀನಿಗೆ ನಿಂತು ಸುಧಾರಿಸಿಕೊಳ್ಳಲು ಕಲ್ಲಿನ ಮರೆ ಇರುವುದಿಲ್ಲ. ಹಾಗಾಗಿ ನಮ್ಮ ಮೊದಲ ಆಯ್ಕೆ ತಳವಿಲ್ಲದ ಕಮಾನು ಅಥವಾ ಕಿರುಸೇತುವೆ. ಅದರಡಿ ಹಳ್ಳ ತನ್ನದೇ ಕಲ್ಲು, ಮರಳಿನ ಮೇಲೆ ಹರಿಯುತ್ತದೆ. ಒಳಗಿನ ಅಗಲಕ್ಕೆ ವಾಷಿಂಗ್ಟನ್ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆ ಕೊಟ್ಟ ಅಳತೆ ಅನುಕೂಲಕರ: ತುಂಬು ದಂಡೆಯ ಅಗಲದ 1.2 ಪಟ್ಟಿಗೆ 0.6 ಮೀಟರ್ ಸೇರಿಸಿ. ನಿಮಗೆ ಸರಿಯಾಗಿ 3 ಮೀಟರ್. ಇಷ್ಟಕ್ಕೆ ನಡುವೆ ಕಂಬ ಬೇಕಿಲ್ಲ, ಇಡಲೂಬಾರದು. ಪಾಯ ಬಂಡೆಯ ಮೇಲೆ ಕೂರಬೇಕು, ಇಲ್ಲವೇ ಹಳ್ಳದ ಅತಿ ತಗ್ಗಿನ ಬಿಂದುವಿಗಿಂತ ಸಾಕಷ್ಟು ಕೆಳಗೆ, ಕೊರೆತ ತಲುಪದ ಆಳದಲ್ಲಿರಬೇಕು. ನೆರೆಯ ಮಟ್ಟಕ್ಕೂ ತೊಲೆಯ ಅಡಿಗೂ ನಡುವೆ ಒಂದು ಮೀಟರ್ ಬಿಡಿ. ಲಾರಿಯ ಭಾರಕ್ಕೆ ತಕ್ಕ ಚಪ್ಪಡಿ, ತೊಲೆಗಳನ್ನು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಲಿ. ಅದನ್ನು ಅಂದಾಜಿಗೆ ಬಿಡುವಂತಿಲ್ಲ.

ಹಣ ಅಷ್ಟು ಒದಗದಿದ್ದರೆ 1800ರ ಒಂದೇ ಪೈಪು. ಮುಂದಿನ ಮಾತೆಲ್ಲ ಅದನ್ನು ಇಡುವ ಬಗ್ಗೆ, ಆದರೆ ರಸ್ತೆಯಲ್ಲಿ ಮಾಡುವ ತಗ್ಗಿನ ವಿಷಯ ಪೈಪು, ಸೇತುವೆ ಎರಡಕ್ಕೂ ಅನ್ವಯಿಸುತ್ತದೆ.

ರಸ್ತೆಯಲ್ಲೊಂದು ತಗ್ಗು

ನಿಮ್ಮ ರಸ್ತೆ ಒಂದೇ ಸಮನೆ ಇಳಿಯುತ್ತ ಹಳ್ಳ ದಾಟಿ ಮತ್ತೂ ಇಳಿಯುತ್ತದೆ. ಹೀಗಿರುವ ಕಡೆಯೆಲ್ಲ ಪೈಪಿನ ಮೇಲಿನ ಮಣ್ಣಿನ ಏರಿಯನ್ನು ಹತ್ತಿದ ನೀರು ರಸ್ತೆಯಲ್ಲೇ ಹರಿದುಹೋಗುತ್ತದೆ. ಪರಿಹಾರವೆಂದರೆ ಪೈಪು ದಾಟಿದ ಮೇಲೆ, ರಸ್ತೆ ಇಳಿಯುವ ಬದಿಯಲ್ಲಿ ಒಂದು ತಗ್ಗು ಮಾಡಿ, ಅದರಾಚೆ ರಸ್ತೆಯನ್ನು ಸ್ವಲ್ಪ ಏರಿಸಿ ಮತ್ತೆ ಇಳಿಸುವುದು. ಏರಿ ಹತ್ತಿದ ನೀರು ಆ ಏರಿಕೆ ದಾಟಲಾಗದೆ ತಗ್ಗಿನಿಂದಲೇ ಕೆಳಕ್ಕಿಳಿದು ಹಳ್ಳ ಸೇರುತ್ತದೆ.

ತಗ್ಗಿನ ಜಾಗ ಮುಖ್ಯ. ಅದು ಪೈಪಿನ ನೆತ್ತಿಯ ಮೇಲೆ ಬರಬಾರದು. ಅಲ್ಲಿ ಬಂದರೆ ಏರಿಯ ಅತಿ ಎತ್ತರದ ಮಣ್ಣನ್ನೇ ನೀರು ಕೊಚ್ಚುತ್ತದೆ. ಏರಿಸಿದ ಮಣ್ಣು ಮುಗಿದು ಗಟ್ಟಿ ನೆಲ ಶುರುವಾಗುವ ಸಂದಿಯಲ್ಲಿ ತಗ್ಗು ಬರಲಿ. ತಳ 12 ಮೀಟರ್ ಉದ್ದ, ಪೈಪಿನ ಮೇಲಿನ ರಸ್ತೆಗಿಂತ 40 ಸೆಂ.ಮೀ. ಕೆಳಗಿದ್ದರೆ, ಪೈಪು ಪೂರ್ತಿ ಕಟ್ಟಿದರೂ 3.3 ಘನ ಮೀಟರ್ ನೀರು 30 ಸೆಂ.ಮೀ. ಆಳದಲ್ಲಿ ಅದರ ಮೇಲಿಂದ ದಾಟಿಹೋಗುತ್ತದೆ, 10 ಸೆಂ.ಮೀ. ಮಿಕ್ಕುತ್ತದೆ. ತಗ್ಗಿಗೆ ಇಳಿಯುವ, ಹತ್ತುವ ಇಳಿಜಾರನ್ನು ಉದ್ದವಾಗಿ ಎಳೆಯಿರಿ. ಗಿಡ್ಡ ಮಾಡಿದರೆ ಉದ್ದ ಲಾರಿಯ ಅಡಿ ನೆಲಕ್ಕೆ ತಾಗುತ್ತದೆ, ಆಮೇಲೆ ಯಾರಾದರೂ ಲೋಡು ಮಣ್ಣು ತಂದು ತಗ್ಗನ್ನು ಮುಚ್ಚಿಬಿಡುತ್ತಾರೆ. ತಗ್ಗಿನ ಮೇಲ್ಮೈಗೂ ಅದರ ಕೆಳಗಿನ ಇಳಿಜಾರಿಗೂ ಕಲ್ಲು ಹೊದಿಸಿ.

ಏರಿಯ ಎತ್ತರವನ್ನೂ 3 ಮೀಟರಿನಿಂದ 2.5ಕ್ಕೆ ಇಳಿಸಿ. ಇಳಿಜಾರು ಒಂದಕ್ಕೆ ಒಂದೂವರೆ, ರಸ್ತೆ 4.5 ಮೀಟರ್ ಅಗಲ ಎಂದುಕೊಂಡರೆ ಪೈಪಿನ ಉದ್ದ 4.5ಕ್ಕೆ 7.5 ಸೇರಿ 12 ಮೀಟರ್, ಎರಡೂ ಬದಿ ಅರ್ಧರ್ಧ ಮೀಟರ್ ಹೊರಚಾಚಿ ಒಟ್ಟು 13. ಮಣ್ಣು ಕಡಿಮೆಯಾದಷ್ಟೂ, ಏರಿ ಒಡೆದರೆ ಹಳ್ಳಕ್ಕೆ ಸೇರುವ ಹೂಳೂ ಕಡಿಮೆ.

ಪೈಪು ಇಡುವಾಗ

ಪೈಪು ಹಳ್ಳದ ದಿಕ್ಕಿನಲ್ಲೇ, ಹಳ್ಳದ ಓಟದಲ್ಲೇ ಇರಬೇಕು. ಉದ್ದ ಉಳಿಸಲು ರಸ್ತೆಗೆ ಲಂಬವಾಗಿ ಇಟ್ಟರೆ ನೀರು ಬಾಯಿಯಲ್ಲೂ ಹೊರಬಾಯಿಯಲ್ಲೂ ತಿರುಗಬೇಕಾಗಿ ದಂಡೆ ಕೊರೆಯುತ್ತದೆ. ಇನ್ನು ಮಟ್ಟಸವಾಗಿ ಇಡುವುದು ಎಲ್ಲೆಡೆ ಕಾಣುವ ತಪ್ಪು. 4 ಮೀಟರ್ ಓಟದ ಹಳ್ಳದಲ್ಲಿ 13 ಮೀಟರ್ ಉದ್ದಕ್ಕೆ ಇಳಿತ 52 ಸೆಂ.ಮೀ. ಪೈಪು ಮಟ್ಟಸವಾದರೆ ಆ ಅರ್ಧ ಮೀಟರ್ ಹೊರಬಾಯಿಯಲ್ಲಿ ಜಲಪಾತವಾಗುತ್ತದೆ. ಕೆಳಗೆ ಗುಂಡಿ ಬೀಳುತ್ತದೆ, ಮೀನು ಹತ್ತಲಾರದು, ಒಳಬಾಯಿಯಲ್ಲಿ ಹೂಳು ತುಂಬುತ್ತದೆ.

ಪೈಪಿನಡಿಯ ನೆಲದಲ್ಲಿ ಬಂಡೆಯಿದ್ದರೆ 20 ರಿಂದ 30 ಸೆಂ.ಮೀ. ಗರಸು ಹಾಸಿ. ಕೆಸರಿದ್ದರೆ ಗಟ್ಟಿ ನೆಲದವರೆಗೆ ತೋಡಿ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅದರ ಮೇಲೆ ಗರಸು ತುಂಬಿ. ಪಕ್ಕಕ್ಕೆ ತುಂಬುವ ಮಣ್ಣಿನಲ್ಲಿ 75 ಮಿ.ಮೀ.ಗಿಂತ ದೊಡ್ಡ ಕಲ್ಲು ಪೈಪಿಗೆ ತಾಗಬಾರದು. 15 ರಿಂದ 20 ಸೆಂ.ಮೀ. ಪದರದಂತೆ, ಎರಡೂ ಬದಿ ಸಮನಾಗಿ ಏರಿಸುತ್ತ ದಿಮ್ಮಸು ಹೊಡೆಯಿರಿ. ಒಂದೇ ಬದಿ ಏರಿಸಿದರೆ ಪೈಪು ಪಕ್ಕಕ್ಕೆ ಸರಿಯುತ್ತದೆ. ಪೈಪಿನ ಹೊಟ್ಟೆಯ ಕೆಳಗಿನ ಸಂದಿಗೆ ರೋಲರ್ ತಲುಪುವುದಿಲ್ಲ, ಕೈ ದಿಮ್ಮಸಿನಿಂದಲೇ ಮಣ್ಣು ತುರುಕಬೇಕು. ಈ ಸಂದಿ ಸಡಿಲ ಉಳಿದರೆ ನೀರು ಪೈಪಿನ ಹೊರಮೈ ಹಿಡಿದು ಹರಿಯಲು ಶುರುಮಾಡುತ್ತದೆ. ಆಗ ಹೊರಗಿನಿಂದ ಏನೂ ಕಾಣದೆ, ಒಂದು ದಿನ ರಸ್ತೆ ಮಧ್ಯೆ ಗುಂಡಿ ಬೀಳುತ್ತದೆ. ಇದನ್ನು ತಡೆಯಲು ಒಳಬಾಯಿಯ ಸುತ್ತ ಜೇಡಿಮಣ್ಣು ತುಂಬಿ, ನೆಲದೊಳಕ್ಕೆ ಇಳಿದ ಅಡ್ಡಗೋಡೆಯಿರುವ ಮುಖಗೋಡೆ, ಅಂದರೆ ಹೆಡ್‌ವಾಲ್ ಕಟ್ಟಿ. ನುಣುಪು ಮರಳನ್ನು ಪೈಪಿನ ಸುತ್ತ ಹಾಕಲೇಬೇಡಿ. ನೆತ್ತಿಯ ಮೇಲೆ 60 ಸೆಂ.ಮೀ. ಮಣ್ಣು ಕೂತು ಗಟ್ಟಿಯಾಗುವವರೆಗೆ ಲಾರಿ ಹತ್ತಿಸಬೇಡಿ.

ಹೊರಬಾಯಿಗೆ ಕಲ್ಲು ಹಾಸುವಾಗ ಗಾತ್ರವನ್ನು ವೇಗದಿಂದ ಲೆಕ್ಕ ಹಾಕಿ: ವೇಗದ ವರ್ಗವನ್ನು 24ರಿಂದ ಭಾಗಿಸಿದರೆ ಕಲ್ಲಿನ ಅಡ್ಡಳತೆ ಮೀಟರಿನಲ್ಲಿ ಬರುತ್ತದೆ. ಸೆಕೆಂಡಿಗೆ 2 ಮೀಟರಿಗೆ 17 ಸೆಂ.ಮೀ. ಕಲ್ಲು ಸಾಕು, 3ಕ್ಕೆ 38, ನಿಮ್ಮ 4 ಮೀಟರಿಗೆ 67 ಸೆಂ.ಮೀ. ಬೇಕು. ತಲೆಯಷ್ಟು ದಪ್ಪದ ಕಲ್ಲು ಸುರಿದು ಬಂದರೆ ಮೊದಲ ನೆರೆಗೇ ಅದು ಉರುಳಿಹೋಗುತ್ತದೆ. ಉರುಟು ಹೊಳೆಗಲ್ಲು ಬೇಡ, ಒಡೆದ, ಚೂಪು ಮೂಲೆಗಳ ಕಲ್ಲು ಒಂದಕ್ಕೊಂದು ಕಚ್ಚಿ ನಿಲ್ಲುತ್ತದೆ. ಅಡಿಯಲ್ಲಿ ಜಲ್ಲಿಯ ಪದರ ಅಥವಾ ಜಿಯೋಟೆಕ್ಸ್‌ಟೈಲ್ ಇಲ್ಲದಿದ್ದರೆ ಕಲ್ಲಿನ ಸಂದಿಯಿಂದ ಮಣ್ಣು ಹೀರಿಹೋಗಿ ಹಾಸು ಕುಸಿಯುತ್ತದೆ.

ರಸ್ತೆ ಬದಿಯ ಚರಂಡಿಯನ್ನು ಹಳ್ಳಕ್ಕೆ ಬಿಡಬಾರದು. ಮೋರಿಗೆ 15 ರಿಂದ 30 ಮೀಟರ್ ಮೊದಲೇ ಅಡ್ಡಮೋರಿಯಿಂದ ಆ ನೀರನ್ನು ಕಾಡಿನ ನೆಲಕ್ಕೆ ಹರಿಸಿದರೆ ಕೆಂಪು ಹೂಳು ತರಗೆಲೆಯಲ್ಲೇ ಸೋಸಿ ನಿಲ್ಲುತ್ತದೆ. ಅಲ್ಲಿಂದ ಮೋರಿಯವರೆಗಿನ ರಸ್ತೆಗೆ ಎರಡೂ ಬದಿ ಜಲ್ಲಿ ಹಾಸಿ.

ಕೆಲಸಕ್ಕೆ ನೀರು ಅತಿ ಕಡಿಮೆ ಇರುವ ತಿಂಗಳು ಆರಿಸಿ. ಮೇಲ್ಗಡೆ ಮರಳು ಚೀಲದ ಒಡ್ಡು ಕಟ್ಟಿ, ಪಂಪಿನಿಂದಲೋ ತಾತ್ಕಾಲಿಕ ಕೊಳವೆಯಿಂದಲೋ ನೀರನ್ನು ಕೆಲಸದ ಜಾಗ ದಾಟಿಸಿ, ಅಲ್ಲಿ ಸಿಕ್ಕ ಮೀನನ್ನು ಕೆಳಕ್ಕೆ ಬಿಡಿ. ಹಸಿ ಕಾಂಕ್ರೀಟಿನ ನೀರು ತೀವ್ರ ಕ್ಷಾರ, ಹಳ್ಳಕ್ಕೆ ಸೇರಿದರೆ ಮೀನು ಸಾಯುತ್ತದೆ. ಮಿಕ್ಸರ್ ತೊಳೆದ ನೀರಿಗೆ ಹಳ್ಳದಿಂದ ದೂರ ಗುಂಡಿ ತೋಡಿ.

ಮುಂದಿನ ನಿಗಾ ಹೇಗೆಂದರೆ: ಮಳೆಗಾಲಕ್ಕೆ ಮುಂಚೆ ಒಮ್ಮೆ, ಮೊದಲ ದೊಡ್ಡ ಮಳೆಯ ಮರುದಿನ ಇನ್ನೊಮ್ಮೆ ಹೋಗಿ ನೋಡಿ. ಬಾಯಿಗೆ ಅಡ್ಡ ಬಿದ್ದ ಕೊಂಬೆಯನ್ನು ಆಗಲೇ ತೆಗೆದರೆ ಕೈಯಲ್ಲೇ ಬರುತ್ತದೆ. ಬಾಯಿಗೆ ಕಬ್ಬಿಣದ ಜಾಲರಿ ಹಾಕಬೇಡಿ, ಪ್ರತಿ ಮಳೆಯ ನಂತರ ಬಿಡಿಸುವವರಿಲ್ಲದಿದ್ದರೆ ಕಟ್ಟುವುದು ಅದೇ ಮೊದಲು. ನಿಮ್ಮ ರಸ್ತೆಯಲ್ಲಿ ಇತರ ಉಕ್ಕಿನ ಮೋರಿಗಳಿದ್ದರೆ ಅವುಗಳ ಒಳಗೆ ತುಕ್ಕಿನ ಗೆರೆ ಎಲ್ಲಿಯವರೆಗಿದೆ ನೋಡಿ. ಅದು ವ್ಯಾಸದ ಮೂರನೇ ಒಂದು ಭಾಗಕ್ಕಿಂತ ಮೇಲಿದ್ದರೆ ಆ ಪೈಪು ಹಳ್ಳಕ್ಕೆ ಚಿಕ್ಕದು. ಅಂಥವನ್ನೆಲ್ಲ ಬದಲಿಸಲು ಈ ವರ್ಷ ಹಣ ಸಾಲದಿದ್ದರೆ, ಪ್ರತಿಯೊಂದರ ಇಳಿಬದಿಗೂ ತಗ್ಗನ್ನಾದರೂ ಮುಂದಿನ ಮಳೆಗಾಲದೊಳಗೆ ಮಾಡಿಸಿ. ಜೆಸಿಬಿಯಿದ್ದರೆ ಅದು ದೊಡ್ಡ ಕೆಲಸವಲ್ಲ.